ಗಟ್ಟಿಮೇಳದ ಬೆರಳು

ಸಾವ್ಕಾರರು ಚಹಾದ ಲೋಟ ಕೆಳಗಿಟ್ಟು, ಹೆಗಲ ಮೇಲಿನ ವಲ್ಲಿಯಿಂದ ಮೀಸೆ ಒರೆಸಿಕೊಂಡು, ಬಂದ ಕೆಲಸ ಮುಗಿಯಿತು ಎನ್ನುವ ಹಾಗೆ ಎದ್ದು ನಿಂತರು. ಬಾಗಿಲ ತನಕ ಹೋದವರು ತಿರುಗಿ, ಸಣ್ಣದೇನೋ ಮರೆತವರ ಹಾಗೆ ಹೇಳಿದರು.

"ಹೆಂಗೂ ನಿಮ್ಮಪ್ಪನೂ ಬರ್ತಾನಲ್ಲ ತಂಗಿ. ಬರೋ ಮಂದಿಗೆ ಬಾಗಿಲದಾಗ ಒಂದೀಟು ಸನಾದಿ ಊದಲಿ. ಒಳಗ ನೀವು ನುಡಿಸ್ರಿ. ಚೆಂದ ಕಾಣ್ತೈತಿ."

"ಆಗ್ಲ್ರೀ ಸಾವ್ಕಾರ್ರ," ಎಂದ ಅಪ್ಪ, ಮುಖವೆಲ್ಲ ಹಿಗ್ಗಿಸಿಕೊಂಡು.

ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲೇ ನನ್ನದು ಮೂಗಿನ ತುದಿಯ ಮೇಲಿನ ಸಿಟ್ಟು. ಅದು ಅಪ್ಪನಿಂದ ಬಂದದ್ದಂತೂ ಅಲ್ಲ, ಅವ್ವನ ಕಡೆಯಿಂದ ಬಂದದ್ದು.

ಇದು ಎಂಬತ್ತರ ದಶಕದ ಆರಂಭದ ಮಾತು. ನಾನು ಧಾರವಾಡದಲ್ಲಿ ಪಿಟೀಲು ಕಲಿಸಿಕೊಂಡು, ಆಗೀಗ ರೇಡಿಯೋದಲ್ಲಿ ನುಡಿಸಿಕೊಂಡು ಇದ್ದೆ. ರಜೆಗೆಂದು ಕೊಟ್ಟೂರಿನ ಮನೆಗೆ ಬಂದಿದ್ದೆ. ಹಗರಿಬೊಮ್ಮನಹಳ್ಳಿಯ ವ್ಯಾಪಾರಸ್ಥರು ಆ ವರ್ಷ ಹೊಸದಾಗಿ ಒಂದು ಸಂಗೀತ ಸಭೆ ಕಟ್ಟಿಕೊಂಡಿದ್ದರು. ಮೊದಲ ಕಚೇರಿ ಈ ಸೀಮೆಯ ಹೆಣ್ಣುಮಗಳದ್ದೇ ಆಗಲಿ ಎಂದು, ಸಭೆಯ ಅಧ್ಯಕ್ಷರಾದ ಈ ಸಾವ್ಕಾರರು ತಾವೇ ಮನೆಯ ತನಕ ಬಂದಿದ್ದರು. ಅವರದು ಹತ್ತಿಯ ಜಿನ್ನಿಂಗ್ ಮಿಲ್ಲು. ಅದಕ್ಕಿಂತ ಹೆಚ್ಚಾಗಿ, ಆ ಊರಿನ ಯಾವ ಮದುವೆಯೂ ಅವರು ಮುಂದೆ ನಿಲ್ಲದೆ ನಡೆಯುತ್ತಿರಲಿಲ್ಲ. ಕೆಟ್ಟ ಮನುಷ್ಯರಲ್ಲ. ನನ್ನನ್ನು "ಬರ್ರಿ, ಕುಂದರ್ರಿ" ಎಂದು ಕರೆದ ಬಾಯಿಯಲ್ಲೇ ಅಪ್ಪನನ್ನು "ಏನಪ್ಪಾ, ಆರಾಮದೀಯಾ" ಎಂದು ಮಾತಾಡಿಸುತ್ತಿದ್ದರು. ಅದರಲ್ಲಿ ತಪ್ಪೇನಾದರೂ ಇದೆಯೆಂದು ಅವರಿಗೂ ಅನ್ನಿಸಿರಲಿಲ್ಲ, ಅಪ್ಪನಿಗೂ ಅನ್ನಿಸಿರಲಿಲ್ಲ. ಅನ್ನಿಸುತ್ತಿದ್ದದ್ದು ನನಗೊಬ್ಬಳಿಗೆ.

ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

"ಸಾವ್ಕಾರ್ರ, ಅಪ್ಪ ಬಾಗಿಲದಾಗ ಊದಂಗಿಲ್ಲ. ಸ್ಟೇಜಿನ ಮ್ಯಾಲ, ನನ್ನ ಬಾಜು ಕುಂತು ಊದ್ತಾನ. ಇಲ್ಲಾಂದ್ರ ನಾನೂ ಬರಂಗಿಲ್ಲ."

ಅವರು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದರು. "ಏನಪ್ಪಾ, ಮಗಳು ಹಿಂಗಂತಾಳ?"

"ಸಣ್ಣಾಕಿ, ಹಂಗ ಅಂತಾಳ. ನೀವು ಹೋಗಿ ಬರ್ರಿ. ನಾನು ಬಾಗಿಲದಾಗ ಇರ್ತೀನಿ."

ಮೂವತ್ತು ದಾಟಿದ ಸಣ್ಣಾಕಿ! ಸಾವ್ಕಾರರು ನಕ್ಕು, "ನಿಮ್ಮಪ್ಪ ಒಪ್ಪಿದ್ರ ನಂದೇನೂ ತಕರಾರಿಲ್ಲ ತಂಗಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಅಪ್ಪ ಒಪ್ಪುವುದಿಲ್ಲ ಎಂದು ಅವರಿಗೆ ಖಾತ್ರಿ ಇತ್ತು. ಹಾಗಾಗಿ ನನ್ನ ಜಗಳ ಅವರ ಜೊತೆ ಅಲ್ಲಿಗೇ ಮುಗಿದು, ಅಪ್ಪನ ಜೊತೆ ಶುರುವಾಯಿತು.

ನಮ್ಮದು ಬಜಂತ್ರಿ ಮನೆತನ. ಮದುವೆಯಿರಲಿ, ಸೀಮಂತವಿರಲಿ, ಹೊಸ ಮನೆ ಹೊಗುವುದಿರಲಿ, ಒಳ್ಳೆಯದು ಎನ್ನುವುದು ಎಲ್ಲಿ ನಡೆದರೂ ಅದರ ಬಾಗಿಲಲ್ಲಿ ನಮ್ಮ ಮನೆಯವರು ಇರಬೇಕು. ಬಾಗಿಲಲ್ಲಿ, ಒಳಗಲ್ಲ. ಹಂದರದ ಕಂಬಕ್ಕೆ ಬೆನ್ನು ಕೊಟ್ಟು ಅಪ್ಪ ಸನಾದಿ ಊದುತ್ತಿದ್ದ, ಪಕ್ಕದಲ್ಲಿ ಚಿಕ್ಕಪ್ಪ ಡೋಲು ಬಾರಿಸುತ್ತಿದ್ದ. ಅಪ್ಪನಿಗೆ ರಾಗಗಳ ಹೆಸರು ಗೊತ್ತಿರಲಿಲ್ಲ, ಕಾರ್ಯಗಳ ಹೆಸರು ಗೊತ್ತಿತ್ತು. ಬೀಗರು ಬರುವಾಗಿನದು, ಮದುಮಕ್ಕಳಿಗೆ ಸುರಗಿ ನೀರು ಎರೆಯುವಾಗಿನದು, ಹೆಣ್ಣೊಪ್ಪಿಸುವಾಗಿನದು. ಧಾರವಾಡದಲ್ಲಿ ನಾನು ಯಮನ್ ಎಂದು ಕಲಿತದ್ದು ಅಪ್ಪನಿಗೆ ದೀಪ ಹಚ್ಚುವ ಹೊತ್ತಿನದು. ಯಾರೂ ಅದನ್ನು ಕೂತು ಕೇಳುತ್ತಿರಲಿಲ್ಲ. ಹೂವಿನ ವಾಸನೆ ಬಂದ ಹಾಗೆ, ಅಡುಗೆಯ ಹೊಗೆ ಬಂದ ಹಾಗೆ ಅದೂ ಬರುತ್ತಿತ್ತು, ಅಷ್ಟೆ.

ಆದರೆ ಒಂದು ಗಳಿಗೆಯಲ್ಲಿ ಮಾತ್ರ ಎಲ್ಲರಿಗೂ ಅದು ಬೇಕು. ತಾಳಿ ಕಟ್ಟುವಾಗ ಯಾರದೋ ಸೀನು, ಯಾರದೋ ಅಳು, ಯಾರದೋ ಕೆಟ್ಟ ಮಾತು ಮದುಮಕ್ಕಳ ಕಿವಿಗೆ ಬೀಳಬಾರದೆಂದು ಇದ್ದಬದ್ದ ವಾದ್ಯವನ್ನೆಲ್ಲ ಒಮ್ಮೆಲೇ ಜೋರಾಗಿ ನುಡಿಸಿಬಿಡಬೇಕು. ಅದೇ ಗಟ್ಟಿಮೇಳ. ಆ ಗಳಿಗೆ ಬಂತೆಂದು ಬಾಗಿಲಲ್ಲಿ ಕೂತವನಿಗೆ ಗೊತ್ತಾಗುವುದು ಹೇಗೆ? ಮದುವೆಯ ಗದ್ದಲದಲ್ಲಿ ಕೂಗಿದರೆ ಕೇಳಿಸುವುದಿಲ್ಲ. ಅದಕ್ಕೆ ಒಳಗಿನಿಂದ ಹಿರಿಯರೊಬ್ಬರು, ಹಗರಿಬೊಮ್ಮನಹಳ್ಳಿಯ ಮದುವೆಗಳಲ್ಲಾದರೆ ಈ ಸಾವ್ಕಾರರೇ, ತೋರುಬೆರಳು ಮೇಲೆತ್ತಿ ಅಲ್ಲಾಡಿಸುತ್ತಾರೆ. ಬೆರಳು ಎದ್ದರೆ ಶುರು. ಆ ಕೈ ಕೆಳಗಿಳಿಯುವ ತನಕ ಉಸಿರು ಹೋದರೂ ನಿಲ್ಲಿಸುವಂತಿಲ್ಲ.

ಅದಕ್ಕೇ ಅಪ್ಪ ಕಣ್ಣು ಮುಚ್ಚಿ ಊದಿದವನಲ್ಲ. ಧಾರವಾಡಕ್ಕೆ ಹೋದ ಹೊಸದರಲ್ಲಿ ದೊಡ್ಡ ದೊಡ್ಡ ಗಾಯಕರು ಕಣ್ಣು ಮುಚ್ಚಿ ಹಾಡುವುದನ್ನು ನೋಡಿ ನನಗೆ ಗಾಬರಿಯಾಗಿತ್ತು, ಇವರಿಗೆ ಗಳಿಗೆ ತಪ್ಪುವುದಿಲ್ಲವೇ ಎಂದು. ನಮ್ಮಜ್ಜ ಒಮ್ಮೆ ಗುಡೇಕೋಟೆಯ ಮದುವೆಯೊಂದರಲ್ಲಿ ಊದುತ್ತ ಊದುತ್ತ ತನ್ನನ್ನು ತಾನು ಮರೆತು ಕಣ್ಣು ಮುಚ್ಚಿದನಂತೆ. ಬೆರಳು ಎದ್ದದ್ದೂ ಕಾಣಲಿಲ್ಲ, ಇಳಿದದ್ದೂ ಕಾಣಲಿಲ್ಲ. ಗಟ್ಟಿಮೇಳವಿಲ್ಲದೆ ಕೊರಳಿಗೆ ತಾಳಿ ಬಿತ್ತು. ಆಮೇಲೆ ಆ ಹೆಣ್ಣುಮಗಳ ಬಾಳಿನಲ್ಲಿ ಏನೇನು ಕೆಟ್ಟದ್ದಾಯಿತೋ ಅದೆಲ್ಲ ಅಜ್ಜನ ಕಣ್ಣಿನ ಲೆಕ್ಕಕ್ಕೇ ಬಿತ್ತು. ಆ ಕಡೆಯವರು ನಮ್ಮ ಮನೆಯವರನ್ನು ಮತ್ತೆ ಕರೆಯಲಿಲ್ಲ. ಅಂದಿನಿಂದ ನಮ್ಮಲ್ಲಿ ಕಣ್ಣು ಮುಚ್ಚಿ ಊದುವುದೆಂದರೆ ಕಳ್ಳತನಕ್ಕೆ ಸಮ.

ಯಾರ ಬೆರಳನ್ನೂ ಕಾಯಬೇಕಿಲ್ಲದ ಹೊತ್ತು ಅಪ್ಪನಿಗೆ ಒಂದೇ ಒಂದಿತ್ತು. ಸನಾದಿಯ ಬಾಯಿಗೆ ಹಚ್ಚುವ ಪೀಪಿಯನ್ನು ಅಪ್ಪ ಕೆರೆಯ ಜೊಂಡು ತಂದು ತಾನೇ ಮಾಡಿಕೊಳ್ಳುತ್ತಿದ್ದ. ಬೆಳಗ್ಗೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕೆರೆದು, ಎಂಜಲಿನಲ್ಲಿ ನೆನೆಸಿ, ಹದಕ್ಕೆ ಬಂತೋ ಇಲ್ಲವೋ ಎಂದು ಊದಿ ನೋಡುತ್ತಿದ್ದ. ನಾಲ್ಕು ಸ್ವರ ಊದಿದರೆ ಸಾಕು, ಹದ ಗೊತ್ತಾಗುತ್ತದೆ. ಅಪ್ಪ ನಾಲ್ಕಕ್ಕೆ ನಿಲ್ಲಿಸುತ್ತಿರಲಿಲ್ಲ. ಅದು ತನ್ನಷ್ಟಕ್ಕೆ ತಾನು ಎತ್ತಲೋ ಹೊರಟುಬಿಡುತ್ತಿತ್ತು. ಬೀಗರದೂ ಅಲ್ಲ, ಸುರಗಿಯದೂ ಅಲ್ಲ, ಯಾವ ಕಾರ್ಯದ್ದೂ ಅಲ್ಲ. ನಾನು ಹಾಸಿಗೆಯಲ್ಲೇ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದೆ. ಅಷ್ಟರಲ್ಲಿ ಒಲೆಯ ಮುಂದಿನಿಂದ ಅವ್ವ ಕೂಗುತ್ತಿದ್ದಳು. "ಹದಕ್ಕ ಬಂತೇನು?" ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದವನ ಹಾಗೆ ಅಪ್ಪ ತಟ್ಟನೆ ನಿಲ್ಲಿಸಿ, "ಹ್ಞೂಂ, ಬಂತು," ಎನ್ನುತ್ತಿದ್ದ. ನಾನು ಸಂಗೀತಕ್ಕೆ ಬಿದ್ದದ್ದು ಯಾವ ಮದುವೆಯ ವಾಲಗ ಕೇಳಿಯೂ ಅಲ್ಲ, ಈ ಪೀಪಿಯ ಪರೀಕ್ಷೆ ಕೇಳಿ. ಈ ಮಾತನ್ನು ನನ್ನನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ. ಅಪ್ಪನಿಗೊಬ್ಬನಿಗೆ ಹೇಳಿರಲಿಲ್ಲ.

ಹೆಣ್ಣುಮಕ್ಕಳು ಸನಾದಿಗೆ ಬಾಯಿ ಹಚ್ಚುವ ವಾಡಿಕೆ ನಮ್ಮಲ್ಲಿ ಇರಲಿಲ್ಲ. ನಾನು ಹಟ ಹಿಡಿದು ಅತ್ತಾಗ, ಓಣಿಯಲ್ಲಿ ಗ್ರಾಮಫೋನು, ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಸಾಬರೊಬ್ಬರ ಹತ್ತಿರ ಹೋಗಿ, ಮುಚ್ಚಿಹೋದ ಯಾವುದೋ ನಾಟಕ ಕಂಪನಿಯ ಪಿಟೀಲೊಂದನ್ನು ಅಪ್ಪನೇ ತಂದುಕೊಟ್ಟ. ಅಪ್ಪನೇ ಧಾರವಾಡದ ಗುರುಗಳ ಮನೆಗೆ ಕರೆದುಕೊಂಡು ಹೋದ. ಅಲ್ಲೂ ಒಳಗೆ ಬರಲಿಲ್ಲ. ಗುರುಗಳು ಬಾ ಎಂದು ಕರೆದರೂ ಬಾಗಿಲಲ್ಲೇ ಕೂತು, ನನ್ನನ್ನು ಒಳಗೆ ಕಳಿಸಿ, ಎದ್ದು ಹೋದ. ಅವನ ಬೆನ್ನನ್ನು ನೋಡಿದ ಆ ಹೊತ್ತು ನನ್ನ ಮನಸ್ಸಿನಿಂದ ಹೋಗಿಲ್ಲ. ಒಂದು ದಿನ ಇವನನ್ನು ಒಳಗೆ ಕೂರಿಸಿಯೇ ತೀರುತ್ತೇನೆ ಎಂದುಕೊಂಡಿದ್ದೆ. ಆ ದಿನ ಈಗ ಎದುರಿಗೆ ಬಂದು ನಿಂತಿರುವಾಗ, ಒಲ್ಲೆ ಎನ್ನುತ್ತಿರುವವನು ಇವನೇ!

"ಬಟ್ಟಿ ಇಲ್ಲ," ಎಂದ ಮೊದಲು. ಹೊಸ ಜುಬ್ಬ ಹೊಲಿಸಿದೆ. "ಮಂದಿ ನಗ್ತಾರ," ಎಂದ ಆಮೇಲೆ. ನಗಲಿ ಎಂದೆ. "ಎಲ್ಲಾರಿಗೂ ಅವರವರ ಜಾಗ ಅಂತ ಇರ್ತೈತಿ ಯವ್ವಾ," ಎಂದ. ಆ ಮಾತಿಗೆ ನಾನು ಕಿರುಚಿದ್ದು ಓಣಿಯ ಕೊನೆಯ ತನಕ ಕೇಳಿಸಿರಬೇಕು. ಅಪ್ಪ ಎದ್ದು ಹಿತ್ತಿಲಿಗೆ ಹೋದ.

ಕಿರುಚಿದರೆ ಆಗುವ ಕೆಲಸವಲ್ಲ ಇದು ಎಂದು ತಿಳಿದ ಮೇಲೆ ದಾರಿ ಬದಲಿಸಿದೆ. ಮರುದಿನ ಬೆಳಗ್ಗೆ ಕಟ್ಟೆಯ ಮೇಲೆ ಕೂತು ಬೀಗರು ಬರುವಾಗ ಅಪ್ಪ ಊದುವ ರಾಗವನ್ನು ಪಿಟೀಲಿನಲ್ಲಿ ಹಿಡಿದೆ. ಹಿಡಿದದ್ದು ಬೇಕೆಂದೇ ತಪ್ಪಾಗಿ. ಬೀಗರು ಬಾಗಿಲಿಗೆ ಬಂದು ಕಾಲು ತೊಳೆಯುವ ಕಡೆ ಅದು ಮೆಲ್ಲಗೆ ಬಾಗಬೇಕು, ನಾನು ನೆಟ್ಟಗೆ ಒಯ್ದೆ. ಮೊದಲ ಸಲ ಅಪ್ಪ ಒಳಗಿನಿಂದ ಕೆಮ್ಮಿದ. ಎರಡನೆಯ ಸಲ, "ಅಲ್ಲಿ ಬಗ್ಗಬೇಕಲೇ," ಎಂದ. ನಾನು ಕಿವುಡಿಯ ಹಾಗೆ ಮತ್ತೆ ನೆಟ್ಟಗೇ ಒಯ್ದೆ. ಅಪ್ಪನಿಗೆ ತಡೆಯಲಾಗಲಿಲ್ಲ. ಸನಾದಿ ತಗೊಂಡು ಹೊರಗೆ ಬಂದು, ನನ್ನ ಎದುರಿಗೆ ಕೂತು, ಊದಿ ತೋರಿಸಿದ. ನಾನು ಹಿಂದೆ ಹೋದೆ. ಆತ ಮುಂದೆ ಹೋದ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಹಾದಿಯಲ್ಲಿ ಹೋಗುವ ಒಂದಿಬ್ಬರು ಯಾರ ಮನೆಯಲ್ಲಿ ಕಾರ್ಯ ಎಂದು ಕೇಳಿದರು.

ಮುಗಿದ ಮೇಲೆ ನಾನೆಂದೆ, "ಇದನ್ನ ಅಲ್ಲಿ ನುಡಿಸೋದು. ಇಷ್ಟ ನೋಡು."

ಅಪ್ಪ ಸನಾದಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಮೆಲ್ಲಗೆ ಕೇಳಿದ. "ಅಲ್ಲಿ ಬಟ್ಟು ಯಾರು ತೋರಸ್ತಾರ?"

"ಯಾವ ಬಟ್ಟು?"

ಅಪ್ಪ ತೋರುಬೆರಳು ಎತ್ತಿ ಅಲ್ಲಾಡಿಸಿದ. "ಶುರು ಮಾಡು ಅಂತ, ನಿಂದ್ರಸು ಅಂತ. ಇವತ್ತಿನತನಕ ನನ್ನಷ್ಟಕ್ಕ ನಾನು ಶುರು ಮಾಡಿದಾವಲ್ಲ ನಾನು. ನಿಂದ್ರಿಸಿದಾವನೂ ಅಲ್ಲ. ಯಾರರ ತೋರಿಸಬೇಕು. ಸುಮ್ಮ ಕುಂತ ಮಂದಿ ಮುಂದ ಯಾವಾಗ ಊದ್ಲಿ, ಯಾವಾಗ ಬಿಡ್ಲಿ? ನನಗ ತಿಳಿಯಂಗಿಲ್ಲ ಯವ್ವಾ."

ಬಟ್ಟೆಯೂ ಅಲ್ಲ, ಮಂದಿಯೂ ಅಲ್ಲ, ಇದು ಅವನ ಹೆದರಿಕೆ. ಅಳು ಬಂದರೆ ಕೆಲಸ ಕೆಡುತ್ತದೆಂದು ಜೋರಾಗಿಯೇ ಹೇಳಿದೆ. "ನಾನು ತೋರಸ್ತೀನಿ."

"ನಿನ್ನ ಎಲ್ಡೂ ಕೈಯಾಗ ಪಿಟೀಲು ಇರ್ತೈತಲ್ಲ?"

"ಹಂಗಾದ್ರ ಗದ್ದ ನೋಡು. ಗದ್ದ ಎತ್ತಿದ್ರ ಶುರು ಮಾಡು, ಇಳಿಸಿದ್ರ ಬಿಡು."

"ಗದ್ದ ನೋಡೋದಂತ ಗದ್ದ!" ಎಂದಳು ಅವ್ವ. "ಇಷ್ಟು ವರ್ಷ ಸಂಸಾರ ಮಾಡೀನಿ, ನನ್ನ ಮುಖಾನ ನೆಟ್ಟಗ ನೋಡಿಲ್ಲ ಈತ." ಅಪ್ಪ ನಕ್ಕ. ನಕ್ಕನೆಂದರೆ ಒಪ್ಪಿದ ಎಂದೇ ಅರ್ಥ.

ಅಂದಿನಿಂದ ದಿನವೂ ತಾಲೀಮು. ಸನಾದಿಯ ಶ್ರುತಿಯನ್ನು ಬದಲಿಸಲು ಬರುವುದಿಲ್ಲ, ಹಾಗಾಗಿ ನಾನೇ ತಂತಿ ಏರಿಸಿ ಅವನ ಶ್ರುತಿಗೆ ಬಂದೆ. ಕಚೇರಿ ಸಂಜೆಯದಾದ್ದರಿಂದ ದೀಪ ಹಚ್ಚುವ ಹೊತ್ತಿನ ರಾಗವನ್ನೇ ಮುಖ್ಯವಾಗಿ ಇಟ್ಟುಕೊಂಡೆವು. ಹೊಸಪೇಟೆಯಿಂದ ಬರುವ ತಬಲಾದವರಿಗೂ ಹೇಳಿಕಳಿಸಿದ್ದಾಯಿತು. ಅಪ್ಪ ನನ್ನ ಗದ್ದದ ಮೇಲೆ ನೆಟ್ಟ ಕಣ್ಣು ತೆಗೆಯುತ್ತಿರಲಿಲ್ಲ. ಎಷ್ಟೆಂದರೆ ಊಟಕ್ಕೆ ಕೂತಾಗ ನಾನು ತಲೆಯೆತ್ತಿ ನೀರು ಕುಡಿದರೂ ಅವನ ಕೈ ಸನಾದಿ ಹುಡುಕುತ್ತಿತ್ತು. ನಾವೆಲ್ಲ ನಕ್ಕೆವು. ನಗುವಾಗಲೇ ನನಗೊಂದು ಅನುಮಾನ ಬಂತು. ಸಾವ್ಕಾರರ ಬೆರಳಿನಿಂದ ಬಿಡಿಸಿ ತಂದು ಇವನನ್ನು ನನ್ನ ಗದ್ದಕ್ಕೆ ಕಟ್ಟಿಹಾಕುತ್ತಿದ್ದೇನಲ್ಲ ಎಂದು. ಮೊದಲು ಇವನು ಒಳಗೆ ಬಂದು ಕೂರಲಿ, ಮಿಕ್ಕದ್ದನ್ನು ಆಮೇಲೆ ನೋಡೋಣ ಎಂದು ಆ ಯೋಚನೆಯನ್ನು ಬದಿಗೆ ಸರಿಸಿದೆ.

ಚಿಕ್ಕಪ್ಪನನ್ನೂ ಕರೆದೆ. ಆತ ಕೈ ಮುಗಿದುಬಿಟ್ಟ. "ನನ್ನ ಮ್ಯಾಲ ಹತ್ತಸಬ್ಯಾಡವ್ವಾ. ಬಾಗಿಲದಾಗ ಇದ್ರ ಯಾರು ಬಂದ್ರು, ಯಾರು ಹೋದ್ರು, ಯಾರು ಯಾರ ಜೋಡಿ ಮಾತು ಬಿಟ್ಟಾರ, ಎಲ್ಲಾ ಕಾಣ್ತೈತಿ. ಸ್ಟೇಜಿನ ಮ್ಯಾಲ ಏನೈತಿ?" ಆತನ ಮಾತಿನಲ್ಲಿ ಹೆದರಿಕೆ ಇರಲಿಲ್ಲ, ಖುಷಿ ಇತ್ತು. ಹಾಗಾಗಿ ಅವನನ್ನು ಅವನ ಬಾಗಿಲಿಗೇ ಬಿಟ್ಟೆ. ಬಾಗಿಲಲ್ಲಿ ಡೋಲು ಇರುತ್ತದೆಂದು ಸಾವ್ಕಾರರಿಗೂ ಸಮಾಧಾನವಾಯಿತು.

ಕಚೇರಿಯ ದಿನ ಮಧ್ಯಾಹ್ನದ ರೈಲು ಹಿಡಿದು ಹಗರಿಬೊಮ್ಮನಹಳ್ಳಿಗೆ ಹೊರಟೆವು. ಅಪ್ಪ ಹೊಸ ಜುಬ್ಬ ತೊಟ್ಟು, ಕೆಂಪು ರುಮಾಲು ಸುತ್ತಿ, ಸನಾದಿಯನ್ನು ಅರಿವೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ರೈಲು ನಡುವಿನ ಮಾಳವಿ ಸ್ಟೇಷನ್ ದಾಟಿತು. ಆಮೇಲೆ ಒಂದೇ ಮಾತು, "ಗದ್ದಾನ ಜ್ವಾರಾಗಿ ಎತ್ತು, ನನಗ ಸಂಜೀಕ ಕಣ್ಣು ಮಂಜು," ಎಂದ.

ಸಭೆ ನಡೆದದ್ದು ಸಾವ್ಕಾರರ ಮಿಲ್ಲಿನ ಗೋದಾಮಿನಲ್ಲಿ. ಹತ್ತಿ ತುಂಬಿದ ಅಂಡಿಗೆಗಳನ್ನೇ ಜೋಡಿಸಿ, ಮೇಲೆ ಜಮಖಾನ ಹಾಸಿ ವೇದಿಕೆ ಮಾಡಿದ್ದರು. ಕಾಲಿಟ್ಟರೆ ಮೆತ್ತಗೆ ಕುಸಿಯುತ್ತಿತ್ತು. ಎಷ್ಟು ಗುಡಿಸಿದ್ದರೂ ಗಾಳಿಯಲ್ಲಿ ಹತ್ತಿಯ ಎಳೆ ತೇಲುತ್ತಿದ್ದವು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು, ಜನ ತುಂಬಿದ್ದರು. ಹೆಂಗಸರ ಮೊದಲ ಸಾಲಿನಲ್ಲಿ ಅವ್ವ ಕೂತಿದ್ದಳು. ಗಂಡಸರ ಮೊದಲ ಸಾಲಿನ ನಡುವೆ ಸಾವ್ಕಾರರು. ನಾನು ತಂತಿ ಕೂಡಿಸಿ ನೋಡುತ್ತೇನೆ, ಅಪ್ಪ ಇಲ್ಲ! ಬಾಗಿಲಿಗೆ ಓಡಿದರೆ, ಚಿಕ್ಕಪ್ಪನ ಪಕ್ಕದಲ್ಲಿ ಗೋಡೆಗೆ ಒರಗಿ ಆರಾಮಾಗಿ ಕೂತಿದ್ದಾನೆ.

"ಏಳು," ಎಂದೆ.

"ಕಾಲು ಹಂಗ ಬಂದಬಿಟ್ವು ಯವ್ವಾ," ಎಂದ ನಾಚಿಕೊಂಡು.

ರಟ್ಟೆ ಹಿಡಿದು ಕರೆತಂದೆ. ಜನ ನೋಡಿದರು, ನೋಡಲಿ. ವೇದಿಕೆಯ ಅಂಚಿನಲ್ಲಿ ಕೂತವನನ್ನು ನನ್ನ ಪಕ್ಕಕ್ಕೆ ಎಳೆದುಕೊಂಡೆ. ಅಪ್ಪ ಕೂತು ಮೊದಲು ಮಾಡಿದ ಕೆಲಸವೆಂದರೆ ಸ್ವಲ್ಪ ಅತ್ತ ತಿರುಗಿದ್ದು. ನನ್ನ ಗದ್ದವೂ ಕಾಣಬೇಕು, ಸಾವ್ಕಾರರೂ ಕಾಣಬೇಕು, ಹಾಗೆ. ಅದನ್ನು ಗಮನಿಸಿದೆ. ಕಚೇರಿಯ ಗಡಿಬಿಡಿಯಲ್ಲಿ ಅದರ ಅರ್ಥ ಹೊಳೆಯಲಿಲ್ಲ.

ಶುರು ಚೆನ್ನಾಗಿಯೇ ಆಯಿತು. ನಾನು ಆಲಾಪ ಹಿಡಿದೆ, ಗದ್ದ ಎತ್ತಿದೆ, ಅಪ್ಪ ಬಂದ. ಗದ್ದ ಇಳಿಸಿದೆ, ಬಿಟ್ಟ. ಪಿಟೀಲಿನ ಸಣ್ಣ ದನಿಯ ಪಕ್ಕದಲ್ಲಿ ಆ ತುಂಬು ದನಿ ಬಂದಾಗಲೆಲ್ಲ ಜನ ಅಲುಗಾಡದೆ ಕೇಳಿದರು. ಆ ಜನರೇ ತಮ್ಮ ಮದುವೆಗಳಲ್ಲಿ, ತಮ್ಮ ಮಕ್ಕಳ ಮದುವೆಗಳಲ್ಲಿ ಅದನ್ನು ಎಷ್ಟೋ ಸಲ ಕೇಳಿಸಿಕೊಂಡು ಕೇಳದೆ ಬಿಟ್ಟವರು. ತಬಲಾ ಕೂಡಿತು. ನಿಧಾನವಾಗಿ ಏರಿದೆವು. ಮೇಲಿನ ಷಡ್ಜಕ್ಕೆ ಹೋಗಿ ನಾನು ಕಮಾನು ಎಳೆದು ನಿಲ್ಲಿಸಿದಾಗ ಗೋದಾಮು ಪೂರಾ ಗಪ್ಪಾಗಿತ್ತು.

ಸಾವ್ಕಾರರಿಗೆ ತಡೆಯಲಾಗಲಿಲ್ಲ. ಪಾಪ, ಮೈಮರೆತಿದ್ದರು. "ವಾಹ್!" ಎಂದು ತೋರುಬೆರಳು ಮೇಲೆತ್ತಿ ಅಲ್ಲಾಡಿಸಿದರು.

ಅಷ್ಟೆ. ಅಪ್ಪನ ಸನಾದಿ ಸಿಡಿಲು ಬಡಿದ ಹಾಗೆ ಎದ್ದಿತು. ಏರುದನಿಯಲ್ಲಿ, ಎದೆಯ ಗಾಳಿಯನ್ನೆಲ್ಲ ತುಂಬಿ, ಗಟ್ಟಿಮೇಳ! ಬಾಗಿಲಲ್ಲಿ ಕೂತಿದ್ದ ಚಿಕ್ಕಪ್ಪನಿಗೆ ಒಳಗೆ ಏನು ನಡೆದಿದೆಯೋ ಏನು ಗೊತ್ತು? ಅಣ್ಣನ ಗಟ್ಟಿಮೇಳ ಕೇಳಿದ್ದೇ ತಡ, ಅವನೂ ಡೋಲು ಸೀಳುವ ಹಾಗೆ ಬಡಿದ. ಹೆಂಗಸರು ದಡಬಡ ಎದ್ದು ನಿಂತರು. ಒಬ್ಬಾಕೆ ಮುಡಿಯ ಹೂವು ಕಿತ್ತು ನಮ್ಮ ಮೇಲೆ ಎಸೆದಳು, ಅವಳನ್ನು ನೋಡಿ ಇನ್ನಿಬ್ಬರು. ಅಕ್ಷತೆ ಸಿಗದ ಮುದುಕಿಯೊಬ್ಬಳು ಎಲೆಯಡಿಕೆಯ ಚೀಲಕ್ಕೆ ಕೈ ಹಾಕಿ ಅಡಿಕೆಯ ಚೂರು ಎಸೆದಳು. ಒಂದು ಚೂರು ನನ್ನ ಪಿಟೀಲಿಗೆ ಬಡಿಯಿತು. ತಬಲಾದವರು ಎರಡೂ ಕೈ ಗಾಳಿಯಲ್ಲಿ ಹಿಡಿದು, ಯಾರಿಗೆ ಮದುವೆ ಎನ್ನುವ ಹಾಗೆ ನನ್ನನ್ನು ನೋಡಿದರು.

ನನಗೆ ನಗುವೂ ಸಿಟ್ಟೂ ಒಟ್ಟಿಗೇ ಬಂದವು. ಮುಖ ತಿರುಗಿಸಿ ಅಪ್ಪನನ್ನು ನೋಡಿದೆ, ಎರಡೂ ಹೋದವು. ಅವನ ಕಣ್ಣು ಸಾವ್ಕಾರರ ಬೆರಳಿನ ಮೇಲೆಯೇ ನೆಟ್ಟಿತ್ತು. ಸಾವ್ಕಾರರು ದಂಗುಬಡಿದು ಕೂತಿದ್ದರು, ಎತ್ತಿದ ಬೆರಳನ್ನು ಇಳಿಸುವುದನ್ನೇ ಮರೆತಿದ್ದರು. ಅದು ಇಳಿಯುವ ತನಕ ಇವನು ನಿಲ್ಲಿಸುವಂತಿಲ್ಲ. ಕೊರಳಿನ ನರ ಉಬ್ಬಿದ್ದವು. ರುಮಾಲಿನ ಅಡಿಯಿಂದ ಬೆವರು ಇಳಿಯುತ್ತಿತ್ತು. ತಾನು ತಪ್ಪಿದ್ದೇನೆ ಎಂದು ಅವನಿಗೆ ತಿಳಿದುಬಿಟ್ಟಿತ್ತು. ತಿಳಿದರೂ ನಿಲ್ಲಿಸಲು ಬರುತ್ತಿರಲಿಲ್ಲ.

ನಾನು ಗದ್ದ ಇಳಿಸಿದೆ. ನೋಡಲಿಲ್ಲ. ಪಿಟೀಲು ಕೆಳಗಿಟ್ಟು ಅಂಗೈ ತಗ್ಗಿಸಿದೆ. ಅದನ್ನೂ ನೋಡಲಿಲ್ಲ.

"ಅಪ್ಪಾ!" ಎಂದು ಕೂಗಿದೆ. ಮೈಕಿನಲ್ಲಿ ಅದು ಗೋದಾಮಿಗೆಲ್ಲ ಕೇಳಿಸಿತು. ಅಪ್ಪ ನನ್ನ ಕಡೆ ತಿರುಗಿದ. ಅಂಗೈ ಕಂಡಿತು. ನಿಲ್ಲಿಸಿದ. ಬಾಗಿಲ ಡೋಲು ಇನ್ನೆರಡು ಪೆಟ್ಟು ಹಾಕಿ ಅನುಮಾನದಿಂದ ನಿಂತಿತು. ಹಿಂದಿನ ಸಾಲುಗಳಲ್ಲಿ ನಗು ಎದ್ದಿತು.

ಅಪ್ಪ ಏದುಸಿರು ಬಿಡುತ್ತ ಸಾವ್ಕಾರರ ಕಡೆ ಕೈ ಮುಗಿದ. "ತಪ್ಪಾತ್ರಿ ಸಾವ್ಕಾರ್ರ. ಬಟ್ಟು ಕಂಡ್ತು." ಸನಾದಿಗೆ ಅರಿವೆ ಸುತ್ತಿಕೊಳ್ಳತೊಡಗಿದ. ನನಗಷ್ಟೇ ಕೇಳುವ ಹಾಗೆ, "ನಾನು ಬಾಗಿಲಿಗಿ ಹೋಗ್ತೀನಿ ಯವ್ವಾ. ನೀನು ನಡಸು," ಎಂದ.

ಅವನ ಜುಬ್ಬದ ತೋಳು ಹಿಡಿದುಕೊಂಡೆ. ಬಿಟ್ಟರೆ ಹೋಗುತ್ತಾನೆ, ಹೋದರೆ ಇನ್ನು ಯಾವತ್ತೂ ಒಳಗೆ ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ನನ್ನ ಗದ್ದ ನೋಡು, ಬೇರೆ ಕಡೆ ನೋಡಬೇಡ ಎಂದಿದ್ದರೆ ಕೂರುತ್ತಿದ್ದನೇನೋ. ಬಾಯಿ ತನಕ ಬಂದ ಆ ಮಾತನ್ನು ನುಂಗಿದೆ. ತಾಲೀಮಿನ ದಿನಗಳಲ್ಲಿ ಬದಿಗೆ ಸರಿಸಿದ್ದ ಅನುಮಾನ ಈಗ ನೇರ ಎದುರಿಗೇ ಇತ್ತು.

"ಕುಂದ್ರು," ಎಂದೆ. "ಇನ್ನ ಸಾವ್ಕಾರ್ರ ಬಟ್ಟೂ ಬ್ಯಾಡ, ನನ್ನ ಗದ್ದಾನೂ ಬ್ಯಾಡ. ನೀನ ಶುರು ಮಾಡು. ನಾನು ಹಿಂದ ಬರ್ತೀನಿ."

"ಯಾವಾಗ?"

"ನಿನಗ ಅನ್ನಿಸಿದಾಗ."

"ಏನು ಊದ್ಲಿ?"

"ಪೀಪಿ ಹದಕ್ಕ ಬಂದೈತೇನು ನೋಡು."

ಅಪ್ಪ ನನ್ನ ಮುಖ ನೋಡಿದ. ಇಷ್ಟು ವರ್ಷ ನಾನು ಹಾಸಿಗೆಯಲ್ಲಿ ಎಚ್ಚರವಿದ್ದು ಕೇಳುತ್ತಿದ್ದದ್ದು ಅವನಿಗೆ ಆಗ ತಿಳಿದಿರಬೇಕು. ಅರಿವೆ ಬಿಚ್ಚಿದ. ಪೀಪಿಯನ್ನು ಕಿತ್ತು ಬಾಯಲ್ಲಿಟ್ಟು ನೆನೆಸಿದ, ಮತ್ತೆ ಕೂಡಿಸಿದ. ಕೂಡಿಸಿ, ಎಂದಿನ ಹಾಗೆ ತಲೆ ಎತ್ತಿ ಬೆರಳು ಹುಡುಕಿದ. ಸಾವ್ಕಾರರು ಎರಡೂ ಕೈಗಳನ್ನು ಕಂಕುಳಲ್ಲಿ ಸಿಗಿಸಿಕೊಂಡು, ಎಲ್ಲಿ ಮತ್ತೆ ಎದ್ದುಬಿಡುತ್ತವೋ ಎಂದು ಬಿಗಿಹಿಡಿದು ಕೂತಿದ್ದರು. ಅಪ್ಪ ನನ್ನ ಕಡೆ ತಿರುಗಿದ. ನಾನು ಗದ್ದ ಕಾಣದ ಹಾಗೆ ತಲೆ ಬಗ್ಗಿಸಿದೆ. ಬಾಗಿಲ ಕಡೆ ನೋಡಿದ. ಅಲ್ಲಿ ಚಿಕ್ಕಪ್ಪ ಡೋಲನ್ನು ಕೆಳಗಿಟ್ಟು ಕತ್ತು ಚಾಚಿ ನಿಂತಿದ್ದ. ಯಾರೂ ಏನೂ ತೋರಿಸಲಿಲ್ಲ. ನಗುತ್ತಿದ್ದವರೂ ಸುಮ್ಮನಾಗಿದ್ದರು. ಅಪ್ಪ ಮಂದಿಗಾಗಿ ಕಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಮಂದಿ ಅವನಿಗಾಗಿ ಕಾದು ಕೂತದ್ದನ್ನು ನೋಡಿದ್ದು ಅದೇ ಮೊದಲು.

ಬಹಳ ಹೊತ್ತಾಯಿತು. ಆಮೇಲೆ ಅಪ್ಪ ಕಣ್ಣು ಮುಚ್ಚಿದ.

ನಾಲ್ಕು ಸ್ವರ ಊದಿದ. ನಿಲ್ಲಿಸಲಿಲ್ಲ. ಅದು ಹೊರಟಿತು, ಹಿತ್ತಿಲಿನಲ್ಲಿ ಹೊರಡುತ್ತಿದ್ದ ಹಾಗೆಯೇ, ತನ್ನಷ್ಟಕ್ಕೆ ತಾನು. ನಾನು ಕಮಾನು ಎತ್ತಿಕೊಂಡೆ, ಆದರೆ ತಂತಿಯ ಮೇಲೆ ಇಡಲು ಮನಸ್ಸು ಬರಲಿಲ್ಲ. ಕಣ್ಣು ತುಂಬಿ ತಂತಿಗಳೂ ಕಾಣುತ್ತಿರಲಿಲ್ಲ. ತಬಲಾದವರು ಕೈ ಮಡಿಚಿ ಕೂತರು. ಅಪ್ಪ ಒಮ್ಮೆಯೂ ಕಣ್ಣು ತೆರೆಯಲಿಲ್ಲ.

ಹೆಂಗಸರ ಸಾಲಿನಲ್ಲಿ ಅವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದಳು. ಹದಕ್ಕೆ ಬಂತೇನು ಎಂದು ಅವಳು ಕೇಳಲಿಲ್ಲ.